ಕೋಟೆ ವೀರರ ಅಂಗಿ ಮತ್ತು ನಮ್ಮಪ್ಪನ ಕತ್ತರಿ

ನಮ್ಮ ಮನೆಗೆ ಮೂರು ಕೋಣೆ, ಮೂರಕ್ಕೂ ಮೂರು ವಾಸನೆ. ಬೀದಿಗೆ ತೆರೆದುಕೊಂಡ ಮುಂದಿನ ಕೋಣೆಯೇ ಅಪ್ಪನ ಹೊಲಿಗೆ ಅಂಗಡಿ. ಅಲ್ಲಿ ಹೊಸ ಬಟ್ಟೆಯ ಗಂಜಿ, ಮೆಷಿನ್ನಿನ ಎಣ್ಣೆ, ಇಸ್ತ್ರಿಪೆಟ್ಟಿಗೆಯ ಇದ್ದಲು ಸೇರಿ ಒಂದು ಒಣ ವಾಸನೆ. ಹಿಂದಿನದು ಅಡುಗೆಮನೆ, ಅಲ್ಲಿ ಬಸ್ಸಾರಿನ ಒಗ್ಗರಣೆ. ನಡುವಿನ ಕೋಣೆಗೆ ಸ್ವಂತದ್ದು ಅಂತ ಒಂದು ವಾಸನೆ ಇರಲಿಲ್ಲ. ಕಿಟಕಿ ತೆಗೆದರೆ ಎದುರುಸಾಲಿನಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಮನೆಗಳ ಹಬೆ ನೆಂಟರ ಹಾಗೆ ಒಳಗೆ ಬಂದು ಕೂರುತ್ತಿತ್ತು. ಹೊರಗಿನವರಿಗೆ ಅದು ಸತ್ತ ಹುಳದ ನಾತ. ಶಿಡ್ಲಘಟ್ಟದವರಿಗೆ ಅದು ಹವಾಮಾನ. ಗೌರಿಬಿದನೂರಿನಿಂದ ನಮ್ಮ ದೊಡ್ಡತ್ತೆ ಬಂದಾಗಲೆಲ್ಲ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಕುಶಲ ವಿಚಾರಿಸುತ್ತಿದ್ದರು. ಅವರು ಬಸ್ಸು ಹತ್ತಿದ ಮರುಕ್ಷಣ ನಾನು ಟವೆಲ್ಲನ್ನು ಮೂಗಿಗೆ ಒತ್ತಿಕೊಂಡು, "ಹೆಂಗಿದ್ದೀಯಮ್ಮ, ಹುಷಾರಾ?" ಎಂದು ಅಮ್ಮನನ್ನು ಅದೇ ಮೂಗುದನಿಯಲ್ಲಿ ಕೇಳಿ ಏಟು ತಿನ್ನುತ್ತಿದ್ದೆ. ಹೊಡೆಯುವಾಗ ಅಮ್ಮನಿಗೆ ನಗು ತಡೆಯಲು ಆಗುತ್ತಿರಲಿಲ್ಲ. ಹಾಗಾಗಿ ಆ ಏಟನ್ನೆಲ್ಲ ನಾನು ಚಪ್ಪಾಳೆಯ ಬಾಬ್ತಿಗೇ ಸೇರಿಸಿಕೊಂಡಿದ್ದೆ.

ಅಣಕಿಸುವುದೊಂದೇ ನನಗೆ ಬರುತ್ತಿದ್ದ ವಿದ್ಯೆ. ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಕೂಗುವವರ ಗಂಟಲು, ಹಾಜರಿ ಕರೆಯುವಾಗ ಹೆಡ್ಮಾಸ್ಟರು ಹೆಸರು ಹೆಸರಿನ ನಡುವೆ ನುಂಗುವ ಉಗುಳು, ಪಕ್ಕದ ಮನೆಯ ನಯಾಜ್ ದಾದಾ ಎಂದು ಕರೆಯುವ ಅವನ ತಾತ ಕೋಲೂರಿ ನಡೆಯುವ ಲಯ, ಎಲ್ಲವೂ ನನ್ನ ಮೈಯಲ್ಲಿ ಬಾಡಿಗೆಗೆ ಇದ್ದವು. ನಿನ್ನ ಸ್ವಂತ ದನಿ ಯಾವುದಪ್ಪ ಎಂದು ಯಾರಾದರೂ ಕೇಳಿದ್ದರೆ ಸ್ವಲ್ಪ ಹೊತ್ತು ಹುಡುಕಬೇಕಾಗುತ್ತಿತ್ತು. ಅಪ್ಪನನ್ನಂತೂ ಉಗುರಿನಿಂದ ಕೂದಲಿನವರೆಗೆ ಕಲಿತಿದ್ದೆ. ಟೇಪನ್ನು ಕೊರಳಿಗೆ ಎಸೆದುಕೊಳ್ಳುವುದು, ಪೆನ್ಸಿಲನ್ನು ಬಲಗಿವಿಗೆ ಸಿಕ್ಕಿಸುವುದು, ಹಾಸಿದ ಬಟ್ಟೆಯ ಮೇಲೆ ಎರಡೂ ಅಂಗೈ ಆಡಿಸುವುದು, ಕತ್ತರಿ ಇಡುವ ಮುಂಚೆ ಒಂದೇ ಒಂದು ಒಣಕೆಮ್ಮು. ಅಪ್ಪ ಅಂಗಡಿಯಲ್ಲಿ ಇಲ್ಲದಾಗ ನಾನು ಒಳಗಿನಿಂದ ಆ ಕೆಮ್ಮು ಕೆಮ್ಮಿದರೆ, ಜಗಲಿಯಲ್ಲಿ ಬೀಡಿ ಹಚ್ಚಿದವರು ಗಾಬರಿಯಿಂದ ಆರಿಸುತ್ತಿದ್ದರು.

ನಮ್ಮ ಮನೆಯಲ್ಲಿ ದೇವರ ಪಟಕ್ಕಿಂತ ಒಂದು ಮೊಳ ಕೆಳಗೆ, ಉಳಿದೆಲ್ಲದಕ್ಕಿಂತ ಮೇಲೆ ಇದ್ದದ್ದು ಅಪ್ಪನ ಕತ್ತರಿ. ಅದರಲ್ಲಿ ಕಾಗದ ಕತ್ತರಿಸುವಂತಿಲ್ಲ, ದಾರ ಕತ್ತರಿಸುವಂತಿಲ್ಲ, ಖಾಲಿ ಗಾಳಿಯಲ್ಲಿ ಸದ್ದು ಮಾಡಿದರೆ ಮನೆಯಲ್ಲಿ ಜಗಳ ಆಗುತ್ತದೆಂದು ಅಮ್ಮ. ನಾನು ಆಡಿಸದೆ ಇದ್ದಾಗಲೂ ಜಗಳ ಆಗುತ್ತಿತ್ತು, ಅದು ಬೇರೆ ಮಾತು. ಆ ಕತ್ತರಿ ಮುಂದೆ ನನಗೆ ಬರತಕ್ಕದ್ದು ಎಂಬುದು ನಾನು ಹುಟ್ಟಿದ ದಿನವೇ ತೀರ್ಮಾನವಾಗಿತ್ತು. ನನಗೆ ಅದು ಬೇಕಿರಲಿಲ್ಲ. ಬೇಕಾಗಿದ್ದದ್ದು ಅಕ್ಕನಿಗೆ. ಅಕ್ಕ, ರತ್ನ, ನನಗಿಂತ ಐದು ವರ್ಷ ದೊಡ್ಡವಳು. ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದಳು. ನಡುವಿನ ಕೋಣೆಯ ಹೊಸ್ತಿಲ ಈಚೆ ಕೂತು ಗುಂಡಿ ಹೊಲಿಯುವುದು, ಕಾಜಾ ಹಾಕುವುದು, ಅಂಚು ಮಡಚುವುದು ಅವಳ ಕೆಲಸ. ಬೀದಿಯಲ್ಲಿ ಹೋಗುವವರನ್ನು ಕಿಟಕಿಯಿಂದ ನೋಡಿಯೇ, "ಎದೆ ಮೂವತ್ತಾರು, ಎಡ ಹೆಗಲು ಇಳಿದಿದೆ, ಪಾಪ ಮೂಟೆ ಹೊರ್ತಾರೆ ಅಂತ ಕಾಣುತ್ತೆ" ಎನ್ನುವಳು. ಆರು ತಿಂಗಳಿಗೊಮ್ಮೆ ಅವಳು ಅಪ್ಪನನ್ನು ಕೇಳುತ್ತಿದ್ದಳು, ಪ್ರತಿಸಲವೂ ಅದೇ ಮಾತು ನಡೆಯುತ್ತಿತ್ತು.

"ಅಪ್ಪಾ, ಈ ತೋಳು ನಾನು ಕತ್ತರಿಸ್ಲಾ?"

"ನೀನ್ಯಾಕಮ್ಮ ಅದಕ್ಕೆಲ್ಲ ಕೈ ಹಾಕ್ತೀಯ? ಟೇಬಲ್ಲು ಬೀದಿಗೇ ಕಾಣ್ಸುತ್ತೆ. ಬರೋರು ಹೋಗೋರು ಒಂದು ಮಾತಾಡ್ತಾರೆ. ಕತ್ತರಿ ಮಂಜಂಗೆ."

"ಮಂಜಂಗೆ ಬೇಡ್ವಂತೆ ಕಣಮ್ಮ," ಎಂದು ನಾನು ಅಪ್ಪನದೇ ದನಿಯಲ್ಲಿ ಸೇರಿಸುತ್ತಿದ್ದೆ. ಅಪ್ಪ ಗಜಕಡ್ಡಿ ಎತ್ತಿಕೊಳ್ಳುತ್ತಿದ್ದರು. ಅಲ್ಲಿಗೆ ಆ ಮಾತು ಮುಗಿಯುತ್ತಿತ್ತು. ಅದನ್ನು ನಾನು ಹಾಗೆ ನಗೆಯಲ್ಲಿ ಮುಗಿಸುತ್ತಿದ್ದೆನಲ್ಲ, ಅಕ್ಕನಿಗೆ ಅದು ಹೇಗಿತ್ತೋ ಎಂದು ಆಗ ಯೋಚಿಸಿದವನಲ್ಲ.

ಇಂಥ ಮನೆಗೆ ಕೋಟೆ ವೀರರು ಬಂದರು. ಬಂದದ್ದು ನಯಾಜನ ಕಂಕುಳಲ್ಲಿ. ನಯಾಜ್ ನನ್ನ ಕ್ಲಾಸಿನವನೇ. ಅವರ ಮನೆಯಲ್ಲಿ ರೇಷ್ಮೆ ಬಿಚ್ಚುವ ಕೆಲಸ. ಅವರ ಮಾಮೂ ಸೌದಿಯಿಂದ ಬರುವಾಗ ಟಿವಿ ಗೇಮಿನ ಒಂದು ಪೆಟ್ಟಿಗೆ ತಂದಿದ್ದರು. ಆದರೆ ಅವರ ದಾದಾ ಮನೆಗೆ ಟಿವಿ ತರಲು ಬಿಟ್ಟಿರಲಿಲ್ಲ. ಮಾಮೂಗೆ ಅದು ಮರೆತುಹೋಗಿತ್ತು. ಪೆಟ್ಟಿಗೆ ಅವರದು, ಟಿವಿ ನಮ್ಮದು. ಹೀಗೆ ಎರಡು ಮನೆ ಸೇರಿ ಒಂದು ಆಟವಾಯಿತು. ನಮ್ಮದು ಮರದ ಬಾಗಿಲಿನ ಕಪ್ಪು ಬಿಳುಪು ಟಿವಿ. ಸ್ಕೂಲು ಬಿಟ್ಟ ಮೇಲೆ, ಅಪ್ಪನ ಮೆಷಿನ್ನು ಮುಂದಿನ ಕೋಣೆಯಲ್ಲಿ ಕಟಕಟ ಎನ್ನುತ್ತಿರುವಾಗ, ನಯಾಜ್ ಕ್ಯಾಸೆಟ್ಟಿನ ಹಲ್ಲಿಗೆ ಮೂರು ಸಲ ಊದಿ ಸಿಕ್ಕಿಸುತ್ತಿದ್ದ. ಎದುರುಮನೆಗಳ ಹಬೆ ಕಿಟಕಿಯಲ್ಲಿ, ಟಿವಿಯ ಬೂದುಬೆಳಕು ಗೋಡೆಯಲ್ಲಿ. ಎರಡೂ ಸೇರಿ ಕೋಣೆ ಒಂದು ಗೂಡಿನ ಒಳಗಿನ ಹಾಗೆ ಆಗುತ್ತಿತ್ತು. ನಯಾಜ್, ಅಕ್ಕ, ನಾನು ಮೂವರೂ ಅದರೊಳಗೆ ಹುಳಗಳ ಹಾಗೆ ಮಿಸುಕದೆ ಕೂರುತ್ತಿದ್ದೆವು.

ಮಾಮೂ ಮೂರು ಸಲ ಊರಿಗೆ ಬಂದರು. ಮೂರು ಕ್ಯಾಸೆಟ್ ಬಂದವು. ಮೂರೂ ಒಂದೇ ಆಟದ ಒಂದು, ಎರಡು, ಮೂರನೇ ಭಾಗ. ಮೇಲಿದ್ದ ಹೆಸರು ನಮಗೆ ಓದಲು ಬಾರದ ಲಿಪಿಯಲ್ಲಿತ್ತು. ಪರದೆಯಲ್ಲಿ ಬರೀ ಕೋಟೆ ಇದ್ದುದರಿಂದ ಕೋಟೆ ಒಂದು, ಕೋಟೆ ಎರಡು, ಕೋಟೆ ಮೂರು ಎಂದು ನಾವೇ ಕರೆದೆವು. ನಾವು ಆಡಿಸಬಹುದಾದ ವೀರನಿಗೆ ನಾನು ಪಾಪಣ್ಣ ಎಂದು ಹೆಸರಿಟ್ಟೆ. ಇಬ್ಬರು ಆಡಿದರೆ ಎರಡನೆಯವನು ಚಿಕ್ಕಪಾಪಣ್ಣ. ಪೆಟ್ಟಿಗೆ ನಯಾಜನದಾದ್ದರಿಂದ ಅವನು ಯಾವತ್ತೂ ಪಾಪಣ್ಣ, ನಾನು ಯಾವತ್ತೂ ಚಿಕ್ಕಪಾಪಣ್ಣ. ಇಬ್ಬರದ್ದೂ ಅದೇ ಮುಖ, ಅದೇ ಅಂಗಿ. ನನ್ನವನದು ಬೂದು ಬಣ್ಣದಲ್ಲಿ ಅರ್ಧ ಪಾಲು ಗಾಢ, ಅಷ್ಟೆ. ಹಬ್ಬದಲ್ಲಿ ನಮ್ಮ ಮನೆಯವರಿಗೆಲ್ಲ ಒಂದೇ ಥಾನಿನಿಂದ ಬಟ್ಟೆ ಹೊಲಿದು ಬ್ಯಾಂಡ್‌ಸೆಟ್ಟಿನವರ ಹಾಗೆ ಬೀದಿಗೆ ಬಿಡುತ್ತಿದ್ದರಲ್ಲ, ಹಾಗೆ.

ಅಕ್ಕ ಆಡುತ್ತಿದ್ದದ್ದು ಕಡಿಮೆ, ನೋಡುತ್ತಿದ್ದದ್ದು ಹೆಚ್ಚು. ಅವಳು ನೋಡುತ್ತಿದ್ದದ್ದು ಬಟ್ಟೆ. ಅಪ್ಪನ ಹಳೆಯ ಅಳತೆ ಪುಸ್ತಕದ ಖಾಲಿ ಹಾಳೆಗಳಲ್ಲಿ ಭಾಗಕ್ಕೊಂದು ಪುಟ ಮಾಡಿ, ವೀರರನ್ನು ಬರೆದು, ಅಳತೆ ಹಾಕಿ, ಅಂಗಡಿಯ ಚಿಂದಿಯನ್ನು ಅನ್ನದ ಅಗುಳಿನಿಂದ ಅಂಟಿಸುತ್ತಿದ್ದಳು. ಬಣ್ಣ ಕಾಣದ ಟಿವಿಯಾದ್ದರಿಂದ ಬಣ್ಣ ಅವಳು ಹೇಳಿದ್ದೇ. ಕೋಟೆ ಒಂದರ ಪಾಪಣ್ಣನ ಚಡ್ಡಿ ನಮ್ಮ ಹೆಡ್ಮಾಸ್ಟರ ಸಫಾರಿಯ ಮಣ್ಣುಬಣ್ಣ. ನಡುಪಟ್ಟಿ ಯಾರದೋ ಮದುವೆಯ ರವಿಕೆಯ ಕಡುಗೆಂಪು. ಕೋಟೆ ಎರಡರ ಅಂಗಿ ಪೋಸ್ಟ್‌ಮ್ಯಾನ್ ಅವರ ಖಾಕಿ. ಕೆಲವು ದಿನ ಆಟ ನಿಂತ ಮೇಲೂ ನನ್ನ ಕಣ್ಣೊಳಗೆ ಆ ಬೂದು ವೀರರು ಖಾಕಿ, ಕೆಂಪು, ಗಿಣಿಹಸಿರು ಉಟ್ಟು ಹಬೆಯಲ್ಲಿ ನಡೆದು ಹೋಗುತ್ತಿದ್ದರು. ಹೆಡ್ಮಾಸ್ಟರು ಪಾಠ ಮಾಡುವಾಗ ಅವರ ಸಫಾರಿ ನೋಡಿ, ಈಗ ಇವರು ಗೋಡೆ ಹಾರಬಹುದು ಎಂದು ಕಾಯುತ್ತಿದ್ದೆ.

ಮೂರೂ ಪುಟ ಪಕ್ಕಪಕ್ಕ ಇಟ್ಟು ನಾವು ವಾದ ಮಾಡುತ್ತಿದ್ದೆವು. ಕೋಟೆ ಒಂದರಲ್ಲಿ ಪಾಪಣ್ಣನಿಗೆ ಇದ್ದದ್ದು ಚಡ್ಡಿ, ಬನಿಯನ್ನು, ನಡುಪಟ್ಟಿ. ಮೈಯೇ ಹದಿನಾರು ಚುಕ್ಕಿ ಎತ್ತರ, ಅದರಲ್ಲಿ ಬಟ್ಟೆಗೆ ಎಷ್ಟು ಸಿಗಬೇಕು ಪಾಪ. ಆದರೆ ಐದು ಪ್ರಾಣ. ಎರಡರಲ್ಲಿ ಕಾಲರು ಬಂತು, ಬೂಟು ಬಂತು, ಬೆಲ್ಟು ಬಂತು. ಪ್ರಾಣ ಮೂರಕ್ಕೆ ಇಳಿಯಿತು. ಮೂರನೆಯದರಲ್ಲಿ ಆಡಲು ಮೂವರು ಸಿಗುತ್ತಿದ್ದರು. ಹೆಗಲಿಂದ ಹಿಮ್ಮಡಿಗೆ ಬೀಳುವ ಗಾಳಿಬಟ್ಟೆಯ ಪೈಲ್ವಾನ. ತೋಳಿಗೆ ಕಸೂತಿ ಮಾಡಿಸಿಕೊಂಡ ನಮ್ಮ ಪಾಪಣ್ಣ. ಮೊಣಕಾಲಿನವರೆಗೆ ಗುಂಡಿಯಿರುವ ಉದ್ದ ಕೋಟಿನ ಒಬ್ಬ ಹೆಂಗಸು. ಪ್ರಾಣ ಎಲ್ಲರಿಗೂ ಎರಡೇ.

"ಬಟ್ಟೆ ಜಾಸ್ತಿ ಆದಂಗೆ ಆಯುಸ್ಸು ಕಮ್ಮಿ ಆಯ್ತಾ ಬಂತು ನೋಡು," ಎಂದು ಮುದ್ದೆ ತಟ್ಟೆ ಇಡುತ್ತಾ ಅಮ್ಮ ಹೇಳಿದಳು. "ಊಟ ಮುಗಿಯೋ ತನಕ ಯಾರೂ ಸಾಯ್ಬೇಡಿ. ಮುದ್ದೆ ಆರೋಗುತ್ತೆ."

"ಪೈಲ್ವಾನ್ ಕಾ ಡ್ರೆಸ್ಸೇ ಬೆಸ್ಟು ಯಾರ್," ಎಂದ ನಯಾಜ್. "ಹಾರಿದ್ರೆ ಹೆಂಗೆ ಪಟಪಟ ಅಂತದೆ ನೋಡು."

"ಅದು ಡ್ರೆಸ್ಸಲ್ಲ ಕಣೋ, ದುಪ್ಪಟಿ. ಹೊದ್ಕೊಂಡು ಬಂದವ್ನೆ, ಚಳಿ ಜ್ವರ," ಎಂದೆ ನಾನು.

ಅಕ್ಕ ಯಾವಾಗಲೂ ಆ ಹೆಂಗಸಿನ ಪರ. ಅವಳಿಗೆ ನಾವು ಮೇಡಂ ಎಂದು ಹೆಸರಿಟ್ಟಿದ್ದೆವು. "ಅವಳ ಕೋಟು ನೋಡ್ರೋ. ಮೊಣಕಾಲ ಹತ್ರ ಸೀಳು ಬಿಟ್ಟಿದ್ದಾರೆ. ಯಾರೋ ತಲೆ ಓಡಿಸಿ ಕತ್ತರಿಸವ್ರೆ. ಈ ಮೂವರಲ್ಲಿ ತನ್ನ ಬಟ್ಟೇಲಿ ತಾನು ಓಡೋಕಾಗೋದು ಅವಳೊಬ್ಬಳಿಗೇ."

ದೊಡ್ಡ ಜಗಳ ಹತ್ತಿದ್ದು ಕೋಟೆ ಎರಡರ ಅಂಗಿಯ ಮೇಲೆ. ಅದು ನಡುವೆ ಗುಂಡಿ ಹಾಕುವ ಅಂಗಿಯಲ್ಲ. ಎದೆಯ ಒಂದು ಪಕ್ಕ ಅಗಲವಾಗಿ ಬಂದು ಇನ್ನೊಂದರ ಮೇಲೆ ಮಡಚಿಕೊಂಡು, ಹೆಗಲಿನಿಂದ ಸೊಂಟಕ್ಕೆ ಓರೆಯಾಗಿ ಒಂದು ಬಿಳಿ ಪಟ್ಟಿ ಇಳಿಯುತ್ತಿತ್ತು. ಎಡ ಹೆಗಲಿನಿಂದ ಎಂದು ನಯಾಜ್. ಬಲ ಹೆಗಲಿನಿಂದ ಎಂದು ನಾನು. ಒಂದು ವಾರ ಮಾತು ಬಿಟ್ಟೆವು. ಆದರೆ ಆಟ ಬಿಡಲು ಆಗದ್ದರಿಂದ ಅಕ್ಕನ ಮೂಲಕ ಮಾತಾಡಿಕೊಂಡೆವು. "ಅವನಿಗೆ ಹಾರು ಅಂತ ಹೇಳಕ್ಕ." "ಹಾರ್ದೆ ಅಂತ ಹೇಳ್ ಬಾಜಿ." ಕೊನೆಗೆ ಅಪ್ಪ ಕಿವಿಯ ಪೆನ್ಸಿಲಿನ ಸಮೇತ ಎದ್ದು ಬಂದು ಪರದೆಯ ಮುಂದೆ ಕುಕ್ಕುರುಗಾಲಲ್ಲಿ ಕೂತರು. ಎರಡು ನಿಮಿಷ ನೋಡಿದರು.

"ಏಮಿರಾ ಇದಿ, ಏನ್ರೋ ಇದು? ಇವನು ಬಲಗಡೆ ಓಡಿದ್ರೆ ಪಟ್ಟಿ ಎಡ ಹೆಗಲಿಂದ ಇಳೀತದೆ. ಎಡಗಡೆ ತಿರುಗಿದ್ರೆ ಬಲ ಹೆಗಲಿಂದ ಇಳೀತದೆ. ಹೋಗೋಕೊಂದು ಅಂಗಿ, ಬರೋಕೊಂದು ಅಂಗಿ ಮಡಗವ್ನೆ. ಒಳ್ಳೆ ಗಿರಾಕಿ."

ಒಬ್ಬನನ್ನೇ ಬರೆದು, ತಿರುಗುವಾಗ ಕನ್ನಡಿಯ ಹಾಗೆ ಮಗುಚಿ ಹಾಕಿದ್ದರು. ನಯಾಜ್ ಧೈರ್ಯವಂತ, ಮುಂದಕ್ಕೆ, ಅಂದರೆ ಬಲಕ್ಕೆ ನುಗ್ಗುವವನು; ಅವನಿಗೆ ಕಂಡದ್ದು ಹೋಗುವ ಅಂಗಿ. ನಾನು ಯಾವುದಾದರೂ ಬಾವಲಿ ಕಂಡರೆ ಹಿಂದಕ್ಕೆ ಓಡುವವನು. ನನ್ನ ಚಿಕ್ಕಪಾಪಣ್ಣ ಬದುಕಿನ ಮುಕ್ಕಾಲು ಪಾಲು ಬರುವ ಅಂಗಿಯಲ್ಲೇ ಕಳೆದಿದ್ದ. ಅಕ್ಕ ಕೂರುತ್ತಿದ್ದದ್ದು ನನ್ನ ಪಕ್ಕ. ಹಾಗಾಗಿ ಅವಳ ಪುಸ್ತಕದಲ್ಲಿ ಇದ್ದದ್ದೂ ಓಡಿ ಬರುವವನ ಅಂಗಿಯೇ.

ಆ ವರ್ಷ ಯುಗಾದಿಗೆ ಹದಿನೈದು ದಿನವಿದ್ದಾಗ ಅಪ್ಪ ಥಾನು ಬಿಚ್ಚಿದರು. ಒಂದು ಮುಖಕ್ಕೆ ಮಾತ್ರ ಹೊಳಪಿದ್ದ ತಿಳಿನೀಲಿ ಬಟ್ಟೆ. ಅಮ್ಮನ ರವಿಕೆ, ಅಕ್ಕನ ಲಂಗ, ನನ್ನ ಅಂಗಿ, ಕೊನೆಯಲ್ಲಿ ಅಪ್ಪನ ಅಂಗಿ. ಮಾಸ್ಟರ ಬಟ್ಟೆ ಕೊನೆಗೇ ಆಗಬೇಕು ಎಂಬುದು ಅವರ ಪದ್ಧತಿ. ಇನ್ನೊಂದು ಪದ್ಧತಿಯೂ ಇತ್ತು: ಕಲಿಯುವವನು ಮೊದಲ ಕತ್ತರಿಯನ್ನು ತನ್ನ ಬಟ್ಟೆಗೇ ಇಡಬೇಕು. ಕೆಟ್ಟರೆ ಕೆಟ್ಟದ್ದನ್ನೇ ಹಬ್ಬಕ್ಕೆ ಹಾಕಿಕೊಂಡು ಊರೆಲ್ಲ ತಿರುಗಬೇಕು. ಅಪ್ಪ ತಮ್ಮ ಹನ್ನೆರಡನೇ ವಯಸ್ಸಿನಲ್ಲಿ ಒಂದು ತೋಳು ಗಿಡ್ಡವಾದ ಅಂಗಿಯಲ್ಲಿ ಚಿಂತಾಮಣಿ ಪೇಟೆಯನ್ನೆಲ್ಲ ಸುತ್ತಿದ್ದರಂತೆ. ಈಗ ನನಗೆ ಹನ್ನೆರಡು.

"ನಾಳೆ ಚಿಂತಾಮಣಿಗೆ ಹೋಗಿ ಕಾಲರಿಗೆ ಬುಕ್ರಂ, ಗುಂಡಿ ತರ್ತೀನಿ," ಎಂದು ಅಪ್ಪ ಹೇಳಿದರು. "ಬರೋ ಹೊತ್ತಿಗೆ ನಿನ್ನಂಗಿ ಕತ್ತರಿಸಿ ಟೇಬಲ್ ಮೇಲೆ ಇಟ್ಟಿರ್ಬೇಕು. ನಿಂಗೆ ಹೆಂಗೆ ಬೇಕೋ ಹಂಗೆ. ಅದೊಂದು ನೆಟ್ಟಗೆ ಬಂದ್ರೆ ಈ ಯುಗಾದಿಗೆ ಕತ್ತರಿ ನಿನ್ ಕೈಗೆ ಕೊಡ್ತೀನಿ."

ಅಕ್ಕ ಕಾಜಾ ಹಾಕುತ್ತಿದ್ದಳು. ತಲೆ ಎತ್ತಲಿಲ್ಲ. ಸೂಜಿ ಮಾತ್ರ ಒಂದು ಕ್ಷಣ ಬಟ್ಟೆಯಲ್ಲೇ ನಿಂತು ಮುಂದೆ ಹೋಯಿತು.

ಮರುದಿನ ಮಧ್ಯಾಹ್ನ ಅಪ್ಪನ ಬಸ್ಸು ಹೋದ ಮೇಲೆ ನಾನು ಟೇಬಲ್ಲಿನ ಮುಂದೆ ನಿಂತೆ. ಬಟ್ಟೆ ಹಾಸಿದೆ. ಅದು ಕೆರೆಯ ಹಾಗೆ ಹೊಳೆಯುತ್ತಾ ಮಲಗಿತ್ತು. ಅಂಗಡಿಯ ಅರ್ಧ ಬಾಗಿಲು ಎಳೆದಿತ್ತು. ಬಿಸಿಲಿನ ಒಂದು ತುಂಡು ನೆಲದ ಮೇಲೆ, ಎದುರುಸಾಲಿನ ರಾಟೆಗಳ ಗುಂಯ್‌ಗುಡುವ ಸದ್ದು ಎಲ್ಲೋ ನೀರಿನಡಿಯಿಂದ ಬಂದ ಹಾಗೆ. ಕತ್ತರಿ ತೆಗೆದುಕೊಂಡೆ. ಅದರ ಭಾರಕ್ಕೆ ಮಣಿಕಟ್ಟು ಬಾಗಿತು. ಹಾಕಿದರೆ ಕೋಟೆ ಎರಡರ ಅಂಗಿಯನ್ನೇ ಹಾಕಬೇಕು ಎಂಬ ಆಸೆ ಏನೋ ಇತ್ತು. ಹೊಳಪಿನ ಬಟ್ಟೆಯಲ್ಲಿ ದಾರಿ ಎಲ್ಲಿಂದ ಶುರು ಎಂಬುದು ಮಾತ್ರ ಗೊತ್ತಿರಲಿಲ್ಲ. ಒಳಗೆ ಹೋಗಿ ಅಕ್ಕನ ಲಂಗದ ಚುಂಗು ಎಳೆದೆ.

"ಅಕ್ಕ, ನೀನು ಕತ್ತರಿಸ್ಕೊಡೇ."

"ಹೋಗೋ. ಆಮೇಲೆ ನೀನೇ ಕತ್ತರಿಸ್ದೆ ಅಂತ ಕತ್ತರಿ ನೀನು ಇಸ್ಕೊಂತೀಯ. ನಂಗೇನು ಬಂತು?"

ಸಿಕ್ಕಿಬಿದ್ದಾಗ ನಾನು ಅಣಕಿಸುತ್ತೇನೆ. ಆದರೆ ಅವತ್ತು ಯಾರನ್ನು ಅಣಕಿಸಬೇಕೋ ಹೊಳೆಯಲಿಲ್ಲ. ಅಕ್ಕ ನನ್ನ ಭುಜದ ಮೇಲಿನಿಂದ ಮುಂದಿನ ಕೋಣೆಯ ಆ ನೀಲಿಯನ್ನು ನೋಡಿದಳು. ನೋಡುತ್ತಲೇ ಇದ್ದಳು. ಆಮೇಲೆ ಎದ್ದು, ಕೈ ತೊಳೆದು, ಸೆರಗಿಲ್ಲದ ಲಂಗಕ್ಕೇ ಕೈ ಒರೆಸಿಕೊಂಡು ಬಂದಳು.

"ಒಂದ್ಸಲ. ಒಂದೇ ಸಲ. ಅಮ್ಮಂಗೆ ಗೊತ್ತಾಗ್ಬಾರ್ದು."

ಅಮ್ಮ ಅಡುಗೆಮನೆಯಲ್ಲಿ ಅವರೆಕಾಳು ಹಿದುಕುತ್ತಿದ್ದಳು. ಕಿವಿ ಇತ್ತಲೇ ಇತ್ತು. ಹಾಗಾಗಿ ಅವತ್ತು ನಾನು ನನ್ನ ಬಾಳಿನ ಅತ್ಯಂತ ಕಷ್ಟದ ಅಣಕು ಮಾಡಿದೆ. ಮಂಜ ಎಂಬ ಹುಡುಗ ಬಟ್ಟೆ ಕತ್ತರಿಸುತ್ತಿರುವುದನ್ನು ಅಣಕಿಸಿದೆ. ಅಕ್ಕ ಕತ್ತರಿಸುತ್ತಿದ್ದಳು, ನಾನು ಪಕ್ಕದಲ್ಲಿ ನಿಂತು, "ಎದೆ ಇಪ್ಪತ್ತೆಂಟು... ಛೆ, ಇಪ್ಪತ್ತೆಂಟಾ?... ಅಯ್ಯೋ ದೇವ್ರೇ," ಎಂದು ಜೋರಾಗಿ ನರಳುತ್ತಿದ್ದೆ. ಒಳಗಿನಿಂದ ಅಮ್ಮ, "ನಿಧಾನಕ್ಕೆ ಕಣಪ್ಪ ಕಪಿ, ಬೆರಳು ಜೋಪಾನ," ಎನ್ನುತ್ತಿದ್ದಳು. "ಹೂಂ ಅಮ್ಮ, ಬೆವರು ಬತ್ತಾ ಇದೆ," ಎಂದು ನಾನು. ಅಕ್ಕನಿಗೆ ಇದು ಯಾವುದೂ ಕೇಳಿಸುತ್ತಿರಲಿಲ್ಲ. ಕತ್ತರಿ ಅವಳ ಕೈಯಲ್ಲಿ ಬಟ್ಟೆಯನ್ನು ಕಚ್ಚುತ್ತಿರಲಿಲ್ಲ, ಈಜುತ್ತಿತ್ತು. ಒಂದೇ ಒಂದು ಸಲ ನಿಲ್ಲಿಸಿದಳು.

"ಲೋ, ಗಂಡಸರ ಅಂಗೀಲಿ ಎಡಗಡೆದು ಮೇಲೆ ಬರ್ಬೇಕಲ್ವೇನೋ? ಪಟ್ಟಿ ಎಡ ಹೆಗಲಿಂದ ಇಳೀಬೇಕು."

"ನಿನ್ ಬುಕ್ಕಲ್ಲಿ ಹೆಂಗಿದೆಯೋ ಹಂಗೆ ಬೇಕು. ನೀನೇ ತಾನೆ ಬರ್ದಿದ್ದು?" ಎಂದೆ. ಒಂದು ವಾರ ನಯಾಜನ ಜೊತೆ ಮಾತು ಬಿಟ್ಟಿದ್ದವನು ನಾನು. ಎಡ ಹೆಗಲಿಗೆ ಹೇಗೆ ಒಪ್ಪಲಿ?

ಅಕ್ಕ ತುಟಿ ಕಚ್ಚಿ ಬಲ ಹೆಗಲಿಗೇ ಕತ್ತರಿಸಿದಳು. ಕೊನೆಗೆ ಮುಂಭಾಗ ಎರಡು, ಬೆನ್ನು, ತೋಳು ಎರಡು, ಕಾಲರು, ಎಲ್ಲವನ್ನೂ ಟೇಬಲ್ಲಿನ ಮೇಲೆ ಅವುಗಳ ಜಾಗಕ್ಕೆ ಜೋಡಿಸಿಟ್ಟಳು. ಯಾರೋ ನೀಲಿ ಮನುಷ್ಯ ಆಕಾಶ ನೋಡುತ್ತಾ ಮಲಗಿ, ತನ್ನನ್ನು ಯಾರಾದರೂ ಹೊಲಿಯಲಿ ಎಂದು ಕಾಯುತ್ತಿದ್ದ ಹಾಗಿತ್ತು. ಅಕ್ಕ ಕತ್ತರಿಯನ್ನು ಬಟ್ಟೆಯಿಂದ ಒರೆಸಿ ಅದರ ಮೊಳೆಗೆ ಸಿಕ್ಕಿಸಿದಳು. ಮತ್ತೆ ಹೊಸ್ತಿಲ ಈಚೆ ಬಂದು ಕೂತು ಸೂಜಿ ತೆಗೆದುಕೊಂಡಳು.

ಸಂಜೆ ಅಪ್ಪ ಬಂದರು. ಚಪ್ಪಲಿ ಬಿಡುವ ಮುಂಚೆಯೇ ಟೇಬಲ್ಲಿಗೆ ಹೋದರು. ತೋಳಿನ ತುಂಡು ಎತ್ತಿ ಬೆಳಕಿಗೆ ಹಿಡಿದರು. ಕಂಕುಳಿನ ಬಾಗಿಗೆ ಹೆಬ್ಬೆರಳು ಓಡಿಸಿದರು. ಎಲ್ಲೂ ಕಚ್ಚಿಲ್ಲ, ಎಲ್ಲೂ ಎರಡನೇ ಸಲ ತಿದ್ದಿದ ಗುರುತಿಲ್ಲ. ಅವರ ಮುಖದಲ್ಲಿ ನಾನು ಅದುವರೆಗೆ ನೋಡದ, ಹಾಗಾಗಿ ಅದುವರೆಗೆ ಅಣಕಿಸಿಲ್ಲದ ಒಂದು ಭಾವ ಬಂತು.

"ಲೇ ಮಂಜ... ನಮ್ಮಪ್ಪನ ಕೈ ಕಣೋ ಇದು. ನಂಗೂ ಪೂರ್ತಿ ಬರ್ಲಿಲ್ಲ."

ನಾನು ನಕ್ಕೆ. ನಕ್ಕದ್ದು ಸಾಲದೆಂದು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ತಲೆಯನ್ನೂ ಬಾಗಿಸಿದೆ. ಹೊಗಳಿಕೆ ಹುಗ್ಗಿಯ ಹಾಗೆ. ಬೇರೆಯವರ ತಟ್ಟೆಯದಾದರೂ ಬಿಸಿ ಇದ್ದಾಗ ಬಿಡಲು ಮನಸ್ಸಾಗದು. ಅಕ್ಕನ ಕಡೆ ನೋಡಲಿಲ್ಲ. ನೋಡದೆ ಇದ್ದದ್ದು ಇವತ್ತಿಗೂ ನನ್ನ ಕತ್ತಿನಲ್ಲಿ ಹಿಡಿದುಕೊಂಡ ಹಾಗಿದೆ.

ಅಷ್ಟರಲ್ಲಿ ಅಪ್ಪ ಎರಡು ಮುಂಭಾಗಗಳನ್ನು ಒಂದರ ಮೇಲೊಂದು ಇಟ್ಟು ನೋಡಿದರು. ಬಲಗಡೆಯದೇ ಅಗಲ, ಅದೇ ಮೇಲೆ ಬರುತ್ತಿತ್ತು. ಹೊಳಪು ಒಂದೇ ಮುಖಕ್ಕಿದ್ದುದರಿಂದ ಮಗುಚಿ ಹೊಲಿಯುವ ಹಾಗೂ ಇರಲಿಲ್ಲ.

"ಏನೋ ಇದು? ಹೆಂಗಸರ ಕಡೆ ಇಟ್ಟಿದ್ದೀಯ?"

"ಕೋಟೆ ಎರಡರಲ್ಲಿ ಹಂಗೇ ಇದೆಯಪ್ಪ. ಅವನು ತಿರುಗಿದಾಗ."

ಅಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ಅಪ್ಪ ನಗಲಿಲ್ಲ. ಆ ತುಂಡನ್ನು ನೋಡಿದರು, ನನ್ನ ಕೈ ನೋಡಿದರು, ಮತ್ತೆ ಕಂಕುಳಿನ ಬಾಗು ನೋಡಿದರು. ಇಷ್ಟು ಚೆನ್ನಾಗಿ ಕತ್ತರಿಸಬಲ್ಲವನು ಇಷ್ಟು ದೊಡ್ಡ ತಪ್ಪು ಮಾಡುವುದು ಹೇಗೆ ಎಂಬುದು ಅವರಿಗೆ ಕೂಡಿಬರಲಿಲ್ಲ.

"ಆಯ್ತು. ನಾಳೆ ಬೆಳಿಗ್ಗೆ ನನ್ನಂಗಿ ಕತ್ತರಿಸು. ನನ್ ಮುಂದೆ."

ಬೆಳಿಗ್ಗೆ ಥಾನಿನಲ್ಲಿ ಉಳಿದ ನೀಲಿಯನ್ನು ಹಾಸಿದರು. ಅದರಲ್ಲಿ ಸರಿಯಾಗಿ ಒಂದು ಅಂಗಿಗಾಗುವಷ್ಟಿತ್ತು. ಕೆಟ್ಟರೆ ಅಪ್ಪನಿಗೆ ಹಬ್ಬಕ್ಕೆ ಅಂಗಿ ಇಲ್ಲ. ಅಪ್ಪ ಸ್ಟೂಲಿನ ಮೇಲೆ ಕೂತರು. ಅಮ್ಮ ಬಾಗಿಲಲ್ಲಿ. ಅಕ್ಕ ತನ್ನ ಹೊಸ್ತಿಲಲ್ಲಿ, ಕೈಯಲ್ಲಿ ಗುಂಡಿಯ ಡಬ್ಬಿ. ನಾನು ಟೇಪನ್ನು ಕೊರಳಿಗೆ ಎಸೆದುಕೊಂಡೆ. ಪೆನ್ಸಿಲು ಬಲಗಿವಿಗೆ. ಎರಡೂ ಅಂಗೈಯನ್ನು ಬಟ್ಟೆಯ ಮೇಲೆ ಆಡಿಸಿದೆ. ಕತ್ತರಿ ಎತ್ತಿದೆ. ಒಂದು ಒಣಕೆಮ್ಮು ಕೆಮ್ಮಿದೆ. ಅಷ್ಟೂ ಅಪ್ಪನೇ. ಜಗಲಿಯಲ್ಲಿ ಯಾರಾದರೂ ಇದ್ದಿದ್ದರೆ ಬೀಡಿ ಆರಿಸುತ್ತಿದ್ದರು. ಅಲ್ಲಿಂದ ಮುಂದೆ ಏನು ಎಂಬುದು ನನ್ನ ಮೈಗೆ ಗೊತ್ತಿರಲಿಲ್ಲ. ಅಪ್ಪನ ಎಲ್ಲವೂ ನನಗೆ ಬಂದಿತ್ತು, ಅಪ್ಪನ ಕೆಲಸ ಒಂದು ಬಿಟ್ಟು.

ರಾಟೆಗಳ ಸದ್ದು ಬರುತ್ತಿತ್ತು. ಕತ್ತರಿಯ ಬಾಯಿ ತೆರೆದೇ ಇತ್ತು. ನನ್ನ ಬಾಯಿಂದ ಒಂದು ದನಿ ಬಂತು. ತೆಳ್ಳಗೆ, ಒಡೆದ, ಯಾರದೂ ಅಲ್ಲದ ದನಿ.

"ಅಪ್ಪಾ, ಅದು ಅಕ್ಕ ಕತ್ತರಿಸಿದ್ದು. ಬಲಗಡೆ ಇಡು ಅಂದಿದ್ದು ನಾನು. ಅವಳು ಬೇಡ ಅಂದ್ಳು."

ಅಮ್ಮ, "ಅಯ್ಯೋ ನಿನ್ನ," ಎಂದು ಶುರುಮಾಡಿ ನಿಲ್ಲಿಸಿದಳು. ಅಪ್ಪ ಬೀದಿಯ ಕಡೆ ನೋಡಿದರು. ಆಮೇಲೆ ತಲೆ ತಿರುಗಿಸದೆ ಅಕ್ಕನನ್ನು ಕೇಳಿದರು:

"ಕಂಕುಳ ಸುತ್ತ ಎಷ್ಟು ಬಿಟ್ಟೆ?"

"ಮುಕ್ಕಾಲಿಂಚು," ಎಂದಳು ಅಕ್ಕ. "ಬೆಳೆಯೋ ಹುಡುಗ ಅಲ್ವಾಪ್ಪ, ಆಮೇಲೆ ಬಿಚ್ಚಬೋದು ಅಂತ."

"ನಾನಾಗಿದ್ರೆ ಅರ್ಧ ಬಿಡ್ತಿದ್ದೆ."

"ಅರ್ಧ ಬಿಟ್ರೆ ದಸರಾಕ್ಕೆ ಹಿಡ್ಯುತ್ತೆ. ಇವನ ಹೋದ್ವರ್ಷದ್ದು ಹಂಗೇ ಆಯ್ತಲ್ಲ."

ಅಪ್ಪನಿಗೆ ಹಾಗೆ ಎದುರು ಹೇಳಿದವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅವರು ಎದ್ದು ಹೋಗಿ ಬೀದಿಯ ಬಾಗಿಲನ್ನು ಎಳೆದುಕೊಂಡರು; ಪೂರ್ತಿ ಅಲ್ಲ, ಮುಕ್ಕಾಲು. ನನ್ನ ಕೈಯಿಂದ ಕತ್ತರಿ ತೆಗೆದುಕೊಂಡು ಟೇಬಲ್ಲಿನ ಮೇಲಿಟ್ಟರು, ಹಿಡಿ ಅಕ್ಕನ ಕಡೆ ಇರುವ ಹಾಗೆ. ಬಟ್ಟೆಯ ಆಚೆ ತುದಿಯನ್ನು ತಾವೇ ಹಿಡಿದು ನಿಂತರು. ಅಕ್ಕ ಗುಂಡಿಯ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಬಂದಳು. ಮೊದಲ ಅರ್ಧ ಗೇಣನ್ನು ಉಸಿರು ಬಿಗಿಹಿಡಿದೇ ಕತ್ತರಿಸಿದಳು.

"ಉಸಿರು ಹಿಡೀಬೇಡ," ಎಂದರು ಅಪ್ಪ, ಗದರುವ ದನಿಯಲ್ಲಿ. "ಬಟ್ಟೆ ಎಳೀಬೇಡ. ಅದು ಹೋಗೋ ಕಡೆ ನೀನು ಹೋಗು. ಹಾಂ. ಏನವಸರ? ಬಸ್ಸೇನಾದ್ರೂ ಹೋಗುತ್ತಾ? ನಿಧಾನ."

ಅಕ್ಕನನ್ನು ಅವರು ಅಷ್ಟು ವರ್ಷ ಮುದ್ದಿನಿಂದಲೇ ಮಾತಾಡಿಸಿದ್ದರು. ಹಾಗೆ ಗದರಿದ್ದು ಅವತ್ತೇ ಮೊದಲು. ಅಕ್ಕನ ಕಣ್ಣಲ್ಲಿ ನೀರು ನಿಂತಿತ್ತು. ತುಟಿಯಲ್ಲಿ ಮಾತ್ರ ನಗು.

ಯುಗಾದಿಯ ದಿನ ನಾನು ಹೆಂಗಸರ ಕಡೆ ಮುಚ್ಚುವ ಅಂಗಿಯಲ್ಲಿ ಊರು ಸುತ್ತಿದೆ. ನಯಾಜ್ ನನ್ನನ್ನು ನೋಡಿದವನು ನಗದೆ, ಸುತ್ತ ಒಂದು ಪ್ರದಕ್ಷಿಣೆ ಬಂದು, "ಏಕ್‌ದಂ ಸೇಮ್ ಯಾರ್. ಓಡಿ ಬರೋ ಪಾಪಣ್ಣ," ಎಂದ. ಅಪ್ಪನ ಅಂಗಿಯ ಹೆಗಲು ಹೇಗೆ ಕೂತಿತ್ತೆಂದರೆ, ಬೀದಿಯಲ್ಲಿ ಇಬ್ಬರು ನಿಲ್ಲಿಸಿ ಮುಟ್ಟಿ ನೋಡಿದರು. ಯಾರು ಕತ್ತರಿಸಿದ್ದು ಎಂದು ಅವರೂ ಕೇಳಲಿಲ್ಲ, ಅಪ್ಪನೂ ಹೇಳಲಿಲ್ಲ. ಹಬ್ಬದ ನಂತರ ಅಕ್ಕ ಮಧ್ಯಾಹ್ನಗಳಲ್ಲಿ, ಬಾಗಿಲು ಮುಕ್ಕಾಲು ಎಳೆದು, ಕತ್ತರಿಸತೊಡಗಿದಳು. ಮೊದಮೊದಲು ದಿಂಬಿನ ಚೀಲ, ಆಮೇಲೆ ಮಕ್ಕಳ ಚಡ್ಡಿ, ಆಮೇಲೆ ಯಾರು ಯಾರದೋ ಅಂಗಿ. ಬಾಗಿಲು ಮುಕ್ಕಾಲಿನಿಂದ ಅರ್ಧಕ್ಕೆ ಬಂದದ್ದು ಯಾವಾಗ, ಅರ್ಧದಿಂದ ಕಾಲಿಗೆ ಬಂದದ್ದು ಯಾವಾಗ, ನಮಗೆ ಯಾರಿಗೂ ನೆನಪಿಲ್ಲ.

ಮಳೆಗಾಲ ಶುರುವಾದ ಒಂದು ಬೆಳಿಗ್ಗೆ, ಹಬೆ ಬೀದಿಯಲ್ಲೆಲ್ಲ ತಗ್ಗಾಗಿ ತೇಲುತ್ತಿದ್ದಾಗ, ಹಳ್ಳಿಯ ಕಡೆಯ ತಾತ ಒಬ್ಬರು ಜಗಲಿ ಹತ್ತಿ ಬಂದರು. ಒಂದು ಕೈಯಲ್ಲಿ ಹೊಸ ಬಟ್ಟೆ, ಇನ್ನೊಂದರಲ್ಲಿ ಅಳತೆಗೆಂದು ತಂದ ಹಳೆಯ ಅಂಗಿ. ಬಾಗಿಲು ಪೂರ್ತಿ ತೆರೆದಿತ್ತು. ಅಕ್ಕ ಟೇಬಲ್ಲಿನ ಮುಂದೆ, ಅಪ್ಪ ಮೆಷಿನ್ನಿನ ಮೇಲೆ ಬಗ್ಗಿ, ನಾನು ಮೂಲೆಯಲ್ಲಿ ಕಾಜಾ ಹಾಕುತ್ತಾ ಕೂತಿದ್ದೆ. ತಾತ ಅಕ್ಕನನ್ನು ದಾಟಿ ಒಳಕೋಣೆಯ ಕಡೆ ಇಣುಕಿದರು.

"ಕತ್ತರಿಸೋ ಮಾಸ್ಟರ್ ಇಲ್ವೇನಪ್ಪ?"

ಅಪ್ಪ ಮೆಷಿನ್ ತುಳಿಯುವುದನ್ನು ನಿಲ್ಲಿಸಲಿಲ್ಲ. ತಲೆಯನ್ನೂ ಎತ್ತಲಿಲ್ಲ.

"ಅಲ್ಲೇ ಟೇಬಲ್ ಹತ್ರ ಇದಾರಲ್ಲ. ಅವರ ಕೈಗೆ ಕೊಡಿ."

ತಾತ ತಿರುಗಿ ಟೇಬಲ್ಲಿನ ಕಡೆ ಬಂದರು. ಅಕ್ಕ ಕೈ ಚಾಚಿ ಹಳೆಯ ಅಂಗಿಯನ್ನು ತೆಗೆದುಕೊಂಡು, ಟೇಬಲ್ಲಿನ ಮೇಲೆ ಮಲಗಿಸಿ, ತೋಳಿನ ಸುಕ್ಕು ಬಿಡಿಸಿ, ಟೇಪು ಇಟ್ಟಳು.

"ಉದ್ದ ಇಷ್ಟೇ ಇರ್ಲಾ ತಾತ, ಒಂದಿಂಚು ಬಿಡ್ಲಾ?"